ಕಂಕುಳಲ್ಲಿ ಚೆಂಡು

ಟೇವಿಯನ್ ಮಿಂಟರ್‌ನ ಭವಿಷ್ಯವನ್ನು ಅಲ್ಲಾಡಿಸಿದ್ದು ಒಂದೇ ಒಂದು ಸೀನು.

ಬೆಳಗಿನ ಅಭ್ಯಾಸ ನಡೆದಿತ್ತು. ಅಲಬಾಮದ ಆಗಸ್ಟ್ ಬಿಸಿಲು ಆಗಲೇ ಬೆನ್ನು ಸುಡುತ್ತಿತ್ತು. ಟೇವಿಯನ್ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಎದುರಿನವರ ಸಂದಿಯಲ್ಲಿ ನುಸುಳಿ, ಮುಂದೆ ಖಾಲಿ ಮೈದಾನ ಕಂಡು ಹಿಗ್ಗಿದ. ಅಷ್ಟರಲ್ಲಿ ಆಗತಾನೇ ಕತ್ತರಿಸಿದ ಹುಲ್ಲಿನ ಧೂಳು ಮೂಗಿಗೆ ಹೋಯಿತು. "ಹಾ... ಕ್ಷೀ!" ಎಂದ. ಎರಡೂ ತುದಿ ಚೂಪಾದ ಆ ಕಂದು ಚೆಂಡು ಒದ್ದೆ ಸೋಪಿನ ಹಾಗೆ ಜಾರಿ ನೆಲಕ್ಕೆ ಬಿದ್ದು, ಅತ್ತ ಪುಟಿದು ಇತ್ತ ಉರುಳಿ, ಕೊನೆಗೆ ಕೋಚ್ ಬರ್ಡೆಟ್ ಅವರ ಬೂಟಿನ ಮುಂದೆ ಹೋಗಿ ನಿಂತಿತು.

ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡು ಹೊತ್ತು ಓಡುವುದೇ ಟೇವಿಯನ್‌ನಂಥ ರನ್ನಿಂಗ್ ಬ್ಯಾಕ್‌ನ ಕಸುಬು. ಅವನೇ ಚೆಂಡು ಬೀಳಿಸುವುದೆಂದರೆ ಬಡಿಸುವವನು ಪಂಕ್ತಿಯ ನಡುವೆ ಪಾಯಸದ ಪಾತ್ರೆ ಬೀಳಿಸಿದ ಹಾಗೆ. ಅದೂ ಟೇವಿಯನ್‌ಗೆ ಇದು ಹೊಸ ರೋಗವಲ್ಲ. ಹೋದ ವರ್ಷದ ಕೊನೆಯ ಪಂದ್ಯದಲ್ಲಿ ಗೆಲುವಿನ ಗೆರೆ ಕೈಯಳತೆಯಲ್ಲಿದ್ದಾಗ ಹೀಗೇ ಬೀಳಿಸಿದ್ದ. ಆ ಸಂಜೆ ಟಲ್ಲೋರಾ ಊರಿನಲ್ಲಿ ಎಷ್ಟೋ ಮನೆಗಳಲ್ಲಿ ಒಲೆ ಹಚ್ಚಿರಲಿಲ್ಲ.

ಕೋಚ್ ಬಗ್ಗಿ ಚೆಂಡೆತ್ತಿಕೊಂಡರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನ್ನುವಷ್ಟು ಮೆತ್ತಗೆ ಮಾತಾಡಿದರು.

"ಮಗಾ, ನಿನ್ನ ಕಾಲು ದೇವರು ಕೊಟ್ಟಿದ್ದು. ಕೈ ಮಾತ್ರ ಯಾವ ಅಂಗಡೀದೋ ಗೊತ್ತಿಲ್ಲ. ತಗೋ ಈ ಚೆಂಡು. ಸಂಜೆವರೆಗೂ ಇದು ನಿನ್ನ ಮೈ ಬಿಟ್ಟು ಅಲ್ಲಾಡಬಾರದು. ಕೋಣೆ ಬಾಗಿಲು ಹಾಕ್ಕೊಂಡು ಕೂರೋ ಹಾಗಿಲ್ಲ. ಇವತ್ತು ಊರಲ್ಲಿ ನಿನಗೆ ಏನೇನು ಕೆಲಸ ಇದೆಯೋ ಎಲ್ಲಾ ಮಾಡ್ಬೇಕು. ಸಂಜೆ ನಿನ್ನ ಕೈಯಾರೆ ತಂದು ಕೊಟ್ಯೋ, ಮೊದಲ ಪಂದ್ಯಕ್ಕೆ ನೀನೇ ಇಳೀತೀಯ. ಬೇರೆಯವರ ಕೈಗೆ ಹೋಯ್ತೋ, ಕೋಲ್ಬಿ ರೇನ್ಸ್ ಇಳೀತಾನೆ. ನೀನು ಬೆಂಚು ಕಾಯ್ತೀಯ."

"ಆಯ್ತು ಕೋಚ್."

"ಈ ಷರತ್ತು ನಮ್ಮಿಬ್ಬರಲ್ಲೇ ಇರಲಿ. ಕೋಲ್ಬಿ ಕಡೆಯವರಿಗೆ ಗೊತ್ತಾದ್ರೆ ಅವರ ಅತ್ತೆ ಮಾವ ಎಲ್ಲಾ ಬಲೆ ಹಿಡ್ಕೊಂಡು ಬರ್ತಾರೆ."

ಟೇವಿಯನ್ ಚೆಂಡನ್ನು ಎದೆಗವುಚಿಕೊಂಡ. ಮೊದಲ ಪಂದ್ಯ ನೋಡಲು ದೊಡ್ಡ ವೃತ್ತಿ ತಂಡವೊಂದರ ಆಯ್ಕೆಗಾರ ಬರುವವನಿದ್ದ. ಬಂದವನು ಮೈದಾನದಲ್ಲಿ ಓಡುವವನನ್ನು ನೋಡುತ್ತಾನೆಯೇ ಹೊರತು ಬೆಂಚಿನ ಮೇಲೆ ನೀರು ಕುಡಿಯುವವನನ್ನಲ್ಲ. ಅವನು ಮತ್ತೊಮ್ಮೆ ಈ ಕಡೆ ತಲೆ ಹಾಕುವ ನೆಚ್ಚಿಕೆಯೂ ಇರಲಿಲ್ಲ.

ಟೇವಿಯನ್ ಬಾಡಿಗೆಗಿದ್ದದ್ದು ಮಿಸ್ ಓಲೀಟಾ ಅವರ ಮನೆಯ ಹಿಂದಿನ ಕೋಣೆಯಲ್ಲಿ. ಶಾಲೆಯ ಅಡುಗೆಮನೆಯಲ್ಲಿ ಜೀವಮಾನವಿಡೀ ದುಡಿದು ನಿವೃತ್ತರಾದ ಆಕೆಗೆ ಎರಡೇ ಕಾಯಿಲೆ. ಒಂದು ರಕ್ತದೊತ್ತಡ, ಇನ್ನೊಂದು ಫುಟ್‌ಬಾಲ್. ಮೊದಲನೆಯದಕ್ಕೆ ಗುಳಿಗೆ ಇತ್ತು. ಟೇವಿಯನ್ ಚೆಂಡಿನ ಸಮೇತ ತಿಂಡಿಗೆ ಬಂದು ಕೂತಾಗ ಅಡುಗೆಮನೆಯ ರೇಡಿಯೋದಲ್ಲಿ ಕೋಚ್ ಬರ್ಡೆಟ್ ಅವರ ವಾರದ ಹರಟೆ ನಡೆದಿತ್ತು. ಮೈದಾನದಿಂದ ನೇರ ರೇಡಿಯೋ ಕೇಂದ್ರಕ್ಕೇ ಹೋಗಿದ್ದರು. ಎರಡನೇ ಲೋಟ ಕಾಫಿ ಹೊಟ್ಟೆಗಿಳಿದರೆ ಕೋಚ್‌ಗೆ ಉದಾರ ಬುದ್ಧಿ ಬರುತ್ತದೆ.

"ಕೇಳ್ರಪ್ಪಾ, ನಮ್ಮ ಹುಡುಗ ಟೇವಿಯನ್ ಇವತ್ತು ಊರಿಡೀ ಚೆಂಡು ಹೊತ್ತು ತಿರುಗ್ತಾನೆ. ಅದನ್ನ ಅವನ ಕೈಯಿಂದ ತೆಗೆದು ಸಂಜೆಯೊಳಗೆ ನನಗೆ ತಂದುಕೊಟ್ಟೋರಿಗೆ ಒಂದು ಬಹುಮಾನ. ಮೊದಲ ಪಂದ್ಯದಲ್ಲಿ ನಮ್ಮ ತಂಡದ ಮೊದಲ ನಡೆ ಏನು ಅಂತ ಅವರೇ ಹೇಳಬಹುದು. ಅವರು ಹೇಳಿದ್ದನ್ನೇ ಆಡಿಸ್ತೀನಿ. ಹೊಡೆಯೋದು ಬಡಿಯೋದು ಬೇಡ, ಕೈಚಳಕ ಸಾಕು!"

ಟೇವಿಯನ್‌ನ ಬಾಯಲ್ಲಿದ್ದ ಜೋಳದ ಗಂಜಿ ಅಲ್ಲೇ ನಿಂತಿತು. ಈ ಊರಿನಲ್ಲಿ ಮೇಯರ್ ಪದವಿ ಬೇಕೋ, ಮೊದಲ ನಡೆ ಬೇಕೋ ಎಂದು ಕೇಳಿದರೆ ಮೇಯರ್ ಕೂಡ ಎರಡನೆಯದನ್ನೇ ಕೇಳುತ್ತಿದ್ದ. ಪ್ರತಿ ಮನೆಯಲ್ಲೂ ಒಬ್ಬ ಕೋಚ್ ಇದ್ದ. ಬರ್ಡೆಟ್ ಅವರಿಗೆ ಸಂಬಳ ಬರುತ್ತಿತ್ತು, ಉಳಿದವರಿಗೆ ಇಲ್ಲ, ಇಷ್ಟೇ ವ್ಯತ್ಯಾಸ.

"ಏನೋ ಇದು ಮಗಾ?" ಎಂದರು ಮಿಸ್ ಓಲೀಟಾ, ಬಾಣಲೆ ಹಿಡಿದೇ ತಿರುಗಿ.

"ಏನಿಲ್ಲ ಮಿಸ್ ಓಲೀಟಾ. ಕೋಚ್‌ದು ಒಂದು ತಮಾಷೆ."

"ಕಳ್ಕೊಂಡ್ರೆ ನಿನಗೇನು ಶಿಕ್ಷೆ?"

ನಿಜ ಹೇಳಿದರೆ ಆಕೆಯ ರಕ್ತ ತಲೆಗೇರುವುದು ಖಂಡಿತ. ಆಮೇಲೆ ಅದೇ ಬಾಣಲೆ ಹಿಡಿದು ಕೋಚ್ ಆಫೀಸಿಗೆ ನಡೆಯುವುದೂ ಖಂಡಿತ.

"ಶಿಕ್ಷೆ ಎಂಥದು? ಹೋದ್ರೆ ಹೋಯ್ತು, ಅಷ್ಟೆ," ಎಂದು ಟೇವಿಯನ್ ನಕ್ಕ. ಒಂದೇ ಕೈಯಲ್ಲಿ ತಿಂಡಿ ಮುಗಿಸಿ, ಬಾಯಿ ಭುಜಕ್ಕೆ ಒರೆಸಿಕೊಂಡು ಹೊರಬಿದ್ದ.

ಪಕ್ಕದ ಮನೆಯ ಮುದುಕ ಲೂಥರ್ ಬೇಲಿಯಾಚೆ ಕಾದಿದ್ದ. ಟೇವಿಯನ್ ಈ ಬೀದಿಗೆ ಬಂದಾಗಿನಿಂದ ಮುಖ ಎತ್ತಿ ಮಾತಾಡಿಸದವನು ಇವತ್ತು ಹಲ್ಲು ಸೆಟ್ಟು ಪೂರ್ತಿ ಕಾಣುವಂತೆ ನಗುತ್ತಿದ್ದ.

"ಬಾ ಮಗನೇ, ಕೈ ಕುಲುಕೋಣ. ನೆರೆಹೊರೆ ಅಂದ್ಮೇಲೆ ಪ್ರೀತಿ ಇರಬೇಕು."

ಟೇವಿಯನ್ ಎಡಗೈ ಚಾಚಿದ.

"ಒಂದು ಕೈಯಾ? ನಮ್ಮ ಕಾಲದಲ್ಲಿ ಎರಡೂ ಕೈ ಕೊಡ್ತಿದ್ವಿ!"

"ನಿಮ್ಮ ಕಾಲದಲ್ಲಿ ರೇಡಿಯೋ ಇಷ್ಟು ಜೋರಾಗಿ ಇರಲಿಲ್ಲ ತಾತ," ಎಂದು ಟೇವಿಯನ್ ಓಡಿದ. ಹಿಂದಿನಿಂದ ಲೂಥರ್ ಗಿಡಕ್ಕೆ ನೀರು ಬಿಡುವ ಪೈಪನ್ನು ಅವನ ಮೇಲೆ ತಿರುಗಿಸಿದ. ಒದ್ದೆ ಚೆಂಡು ಒಣ ಚೆಂಡಿಗಿಂತ ಹೆಚ್ಚು ಜಾರುತ್ತದೆಂದು ಮುದುಕನಿಗೆ ಗೊತ್ತಿತ್ತು.

ಮಾರನೆಯ ದಿನ ತಂಡದ ಫೋಟೋ. ಕೂದಲು ಕತ್ತರಿಸಿಕೊಳ್ಳಲೇಬೇಕಿತ್ತು. ಡೂಲಿಯ ಕ್ಷೌರದಂಗಡಿಗೆ ಹೋಗುವುದೆಂದರೆ ಹುಲಿಯ ಗುಹೆಗೆ ತಾನಾಗಿ ನಡೆದಂತೆ ಎಂದು ಗೊತ್ತಿದ್ದೂ ಟೇವಿಯನ್ ಬಾಗಿಲು ತಳ್ಳಿದ. ಊರಿನ ಭವಿಷ್ಯವಾಣಿಗಳೆಲ್ಲ ಹುಟ್ಟುತ್ತಿದ್ದದ್ದು ಅಲ್ಲೇ.

"ಬಂದ ನೋಡಿ ಸಾವಿರ ಗಜದ ಸರದಾರ!" ಎಂದ ಡೂಲಿ. "ಈ ವರ್ಷದ ಪಂದ್ಯಗಳಲ್ಲೆಲ್ಲ ಸೇರಿ ಸಾವಿರ ಗಜ ಓಡ್ತಾನೆ ಇವನು. ಬೇಕಿದ್ರೆ ಬರೆದಿಟ್ಕೊಳ್ಳಿ."

"ಓಡ್ತಾನೆ, ಓಡ್ತಾನೆ. ಚೆಂಡು ಜೊತೇಲಿರುತ್ತಾ ಅಂತ ಕೇಳು," ಎಂದ ಅಂಚೆಯ ಪರ್ಸಿ. ಅವನ ಚೀಲದಲ್ಲಿ ಊರಿಗೆ ಹಂಚಬೇಕಾದ ಕಾಗದಗಳೆಲ್ಲ ಹಾಗೇ ಇದ್ದವು.

ಡೂಲಿ ಬಿಳಿ ಬಟ್ಟೆ ಹೊದಿಸಿದ. ಟೇವಿಯನ್ ಬಟ್ಟೆಯೊಳಗೆ ಚೆಂಡನ್ನು ಹೊಟ್ಟೆಗೆ ಒತ್ತಿಕೊಂಡು ತುಂಬು ಗರ್ಭಿಣಿಯಂತೆ ಕೂತ. ಡೂಲಿ ಎಡಗಡೆಯ ಕೂದಲನ್ನೆಲ್ಲ ಸಣ್ಣಗೆ ತೆಗೆದ, ಹಿಂದಿನಿಂದ ಕುತ್ತಿಗೆಗೆ ಬ್ರಷ್‌ನಿಂದ ಕಚಗುಳಿ ಇಟ್ಟ. ಹುಡುಗ ಹಲ್ಲು ಕಚ್ಚಿಕೊಂಡು ಕೂತನೇ ಹೊರತು ಕೈ ಸಡಿಲಿಸಲಿಲ್ಲ. ಡೂಲಿ ಮೆಷಿನ್ ಆರಿಸಿ ಕುರ್ಚಿಯ ಮುಂದೆ ಬಂದು ನಿಂತ.

"ಅರ್ಧ ತಲೆ ಆಯ್ತು. ಇನ್ನರ್ಧ ಬೇಕು ಅಂದ್ರೆ ಚೆಂಡು ಕೊಡು."

"ಅಣ್ಣಾ, ನಾಳೆ ಫೋಟೋ ಇದೆ!"

"ಅದಕ್ಕೇ ಹೇಳ್ತಿರೋದು."

ಟೇವಿಯನ್ ಕನ್ನಡಿ ನೋಡಿಕೊಂಡ. ಎಡಗಡೆ ಕಟಾವಾದ ಹೊಲ, ಬಲಗಡೆ ಕಾಡು. ಕಣ್ಣಲ್ಲಿ ನೀರು ಬಂತು. ಆಗ ಅವನನ್ನು ಕಾಪಾಡಿದ್ದು ಪರ್ಸಿ.

"ಡೂಲಿ, ಚೆಂಡು ಸಿಕ್ಕಿದ್ರೆ ಮೊದಲ ನಡೆ ಏನು ಹೇಳ್ತೀಯ?"

"ಉದ್ದಕ್ಕೆ ಎಸೀರಿ ಅಂತೀನಿ! ಮೊದಲ ಏಟಿಗೇ ಗಾಳೀಲಿ ಐವತ್ತು ಗಜ!"

"ಥೂ ನಿನ್ನ! ಎಸೆದ್ರೆ ಎದುರಿನವನು ಹಿಡ್ಕೊಂಡು ಹೋಗ್ತಾನೆ. ಎಡಗಡೆ ಸುತ್ತಿಸಿ ಓಡಿಸ್ಬೇಕು."

"ಎಡಗಡೆ ಯಾರಿದ್ದಾರೆ ತಡೆಯೋಕೆ? ನಿಮ್ಮಜ್ಜಿನಾ?"

"ನಮ್ಮಜ್ಜಿ ವಿಷಯ ಎತ್ತಬೇಡ. ನಿನ್ನ ತಮ್ಮ ಎಡಗಡೆ ಆಡ್ತಿದ್ದ ವರ್ಷ ಎಷ್ಟು ಪಂದ್ಯ ಸೋತ್ವಿ ಹೇಳ್ಲಾ?"

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದರಲ್ಲಿ ಇಬ್ಬರೂ ಮಗ್ನರಾದರು. ಡೂಲಿ ಬಾಚಣಿಗೆಗಳನ್ನು ಆಟಗಾರರ ಹಾಗೆ ಮೇಜಿನ ಮೇಲೆ ಜೋಡಿಸಿದ, ಪರ್ಸಿ ಪೌಡರ್ ಡಬ್ಬಿಯನ್ನು ಅದರ ಎದುರು ತಂದಿಟ್ಟ. ಟೇವಿಯನ್ ಮೆಲ್ಲಗೆ ಕುರ್ಚಿಯಿಂದ ಇಳಿದು, ಬಿಳಿ ಬಟ್ಟೆ ಹೆಗಲ ಮೇಲಿದ್ದಂತೆಯೇ ಬೀದಿಗೆ ಹಾರಿ ಓಡಿದ. ಅವನ ಕಾಲು ದೇವರು ಕೊಟ್ಟದ್ದೆಂಬ ಮಾತು ಸುಳ್ಳಲ್ಲ.

ಉಳಿದಿದ್ದದ್ದು ಒಂದೇ ಕೆಲಸ. ಬುಧವಾರ ಮಧ್ಯಾಹ್ನ ಚರ್ಚಿನಲ್ಲಿ ಊರಿನ ಹಿರಿಯರಿಗೆಲ್ಲ ಊಟ. ಬಡಿಸುವ ಸರದಿ ಈ ವಾರ ಟೇವಿಯನ್‌ನದು. ದೇವರ ಮನೆಯಲ್ಲಾದರೂ ನೆಮ್ಮದಿ ಇದ್ದೀತೆಂದು ಒಳಗೆ ಹೋದ. ಇಪ್ಪತ್ತು ಮೂವತ್ತು ಮುದುಕಿಯರು ಒಟ್ಟಿಗೆ ಕತ್ತೆತ್ತಿ ನೋಡಿದರು. ಅಷ್ಟೊಂದು ಪ್ರೀತಿಯ ನೋಟವನ್ನು ಅವನು ಹಿಂದೆಂದೂ ಕಂಡಿರಲಿಲ್ಲ.

"ಬಾ ಕಂದಾ, ಈ ದೊಡ್ಡ ತಟ್ಟೆ ಹಿಡಿ. ಎರಡು ಕೈ ಬೇಕು ನೋಡು."

"ಕಂದಾ, ನನ್ನ ಸ್ವೆಟರ್ ಬಿಚ್ಚೋಕೆ ಸ್ವಲ್ಪ ಸಹಾಯ ಮಾಡು."

"ಕಂದಾ, ಈ ಬಾಟ್ಲಿ ಮುಚ್ಚಳ ಬರ್ತಾ ಇಲ್ಲ."

ಟೇವಿಯನ್ ತಟ್ಟೆಯನ್ನು ತಲೆಯ ಮೇಲಿಟ್ಟು ನಡೆದ, ಮುಚ್ಚಳವನ್ನು ಹಲ್ಲಿನಿಂದ ತೆಗೆದ, ಸ್ವೆಟರ್ ಕಡೆಗೆ ಹೋಗಲೇ ಇಲ್ಲ. ಅಷ್ಟರಲ್ಲಿ ಪಾದ್ರಿ ಪ್ರೂಯಿಟ್ ಎದ್ದು ನಿಂತರು. "ಊಟಕ್ಕೆ ಮುಂಚೆ ಎಲ್ಲರೂ ಕೈ ಕೈ ಹಿಡಿದು ಪ್ರಾರ್ಥಿಸೋಣ," ಎಂದರು.

ಪ್ರಾರ್ಥನೆಗೆ ಕೈ ಕೊಡುವುದಿಲ್ಲ ಎನ್ನಲಾದೀತೆ? ಟೇವಿಯನ್ ಚೆಂಡನ್ನು ಎರಡು ಮಂಡಿಗಳ ನಡುವೆ ಇಟ್ಟು ಬಿಗಿಯಾಗಿ ಒತ್ತಿ, ಅತ್ತಿತ್ತಿನ ಮುದುಕಿಯರ ಕೈ ಹಿಡಿದುಕೊಂಡ. ಎಡಗಡೆಯಾಕೆಯ ಹಿಡಿತ ಪೊಲೀಸರ ಹಿಡಿತದಂತಿತ್ತು.

"ದೇವರೇ," ಎಂದರು ಪಾದ್ರಿ, ಒಂದು ಕಣ್ಣು ಮಾತ್ರ ಮುಚ್ಚಿ, "ಈ ಅನ್ನಕ್ಕಾಗಿ ನಿನಗೆ ವಂದನೆ. ನಮ್ಮ ನಡುವೆ ಇರುವ ಒಬ್ಬ ಯುವಕನನ್ನು ನೋಡು. ಲೌಕಿಕ ವಸ್ತುವೊಂದನ್ನು ಅವನು ಎಷ್ಟು ಬಿಗಿಯಾಗಿ ಹಿಡಿದಿದ್ದಾನೆ! ಆ ಮೋಹವನ್ನು ಬಿಡಿಸು. ಆ ಹಿಡಿತವನ್ನು ಸಡಿಲಿಸು. ಈಗಲೇ ಸಡಿಲಿಸು!"

"ಆಮೆನ್!" ಎಂದು ಸಭೆಗೆ ಸಭೆಯೇ ಗುಡುಗಿತು. ಊಟದ ಪ್ರಾರ್ಥನೆಗೆ ಅಷ್ಟು ಭಕ್ತಿಯಿಂದ ಆಮೆನ್ ಬಿದ್ದದ್ದು ಆ ಚರ್ಚಿನಲ್ಲಿ ಅದೇ ಮೊದಲು.

ಮಂಡಿಯ ಹತ್ತಿರ ಏನೋ ಸೋಕಿದಂತಾಗಿ ಟೇವಿಯನ್ ಕಣ್ಣು ಬಿಟ್ಟ. ಎದುರಿಗೆ ಕೂತಿದ್ದ ಅಜ್ಜಿ ಮೇಜಿನ ಕೆಳಗಿನಿಂದ ಊರುಗೋಲಿನ ಕೊಕ್ಕೆ ತೂರಿಸಿ ಚೆಂಡನ್ನು ತನ್ನತ್ತ ಎಳೆಯುತ್ತಿದ್ದಳು. ಬೆಚ್ಚಿಬಿದ್ದು ಎದ್ದ. ಎದ್ದ ರಭಸಕ್ಕೆ ಮಾಂಸದ ಮೇಲೆ ಸುರಿಯಲು ಇಟ್ಟಿದ್ದ ಹುಳಿಸಿಹಿ ಸಾಸಿನ ಬೋಗುಣಿ ಮುಖಕ್ಕೆ ಹಾರಿತು. ಕೈಗಳು ಇನ್ನೂ ಆ ಕಡೆ ಈ ಕಡೆ ಸೆರೆಯಲ್ಲಿದ್ದವು. ಹೇಗೋ ಕೊಸರಿಕೊಂಡು, ಮಂಡಿಯ ನಡುವೆ ಚೆಂಡಿಟ್ಟುಕೊಂಡೇ ಬಾತುಕೋಳಿಯ ಹಾಗೆ ಕುಪ್ಪಳಿಸುತ್ತ ಬಾಗಿಲಿಗೆ ಬಂದ. ಹಿಂದೆ ಪಾದ್ರಿಗಳು, ಅವರ ಹಿಂದೆ ಊರುಗೋಲುಗಳು. ಹೊರಗೆ ನೋಡಿದರೆ ಡೂಲಿ, ಪರ್ಸಿ ಇಬ್ಬರೂ ಜಗಳ ಮುಗಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದರು.

ಮುಗಿಯಿತು ಎಂದುಕೊಂಡ ಟೇವಿಯನ್. ಆಗ ಒಂದು ಹಳೆಯ ಹಸಿರು ಕಾರು ಚರ್ಚಿನ ಹುಲ್ಲಿನ ಮೇಲೆಯೇ ಬಂದು ನಿಂತಿತು. ಮಿಸ್ ಓಲೀಟಾ ಇಳಿದರು. ಕೈಯಲ್ಲಿ ಇಟ್ಟಿಗೆ ತುಂಬಿದಂತಿದ್ದ ಕೈಚೀಲ.

"ನನ್ನ ಹುಡುಗನ್ನ ಮುಟ್ಟಿ ನೋಡಿ ಒಂದ್ಸಲ! ಡೂಲಿ, ಶಾಲೇಲಿ ಎರಡೆರಡು ಸಲ ಹಾಲು ಹಾಕಿಸ್ಕೊಂಡು ಕುಡೀತಿದ್ದೋನು ನೀನು, ನನ್ನ ಮುಂದೆ ನಿಲ್ತೀಯೇನೋ? ಪಾದ್ರಿಗಳೇ, ನಿಮಗೆ ನಾಚಿಕೆ ಆಗಲ್ವಾ?"

"ಇದು ಬರೀ ಆಟ ಮಿಸ್ ಓಲೀಟಾ," ಎಂದರು ಪಾದ್ರಿಗಳು, ಎರಡು ಹೆಜ್ಜೆ ಹಿಂದೆ ಸರಿದು.

ಕೈಚೀಲ ಗಾಳಿಯಲ್ಲಿ ಒಂದು ಸುತ್ತು ಹೊಡೆಯಿತು. ದಾರಿಯಾಯಿತು. ಟೇವಿಯನ್ ಕಾರಿನೊಳಗೆ ಬಿದ್ದ.

ಊರ ಹೊರಗಿನ ರಸ್ತೆಯಲ್ಲಿ ಅಂಗಡಿಯೊಂದರ ಮುಂದೆ ನಿಲ್ಲಿಸಿ ಮಿಸ್ ಓಲೀಟಾ ಬೇಯಿಸಿದ ಕಡಲೆಕಾಯಿ ತಂದರು. ಸುಲಿಯಲು ಎರಡು ಕೈ ಬೇಕು. ಟೇವಿಯನ್ ಚೆಂಡನ್ನೂ ಕಡಲೆಕಾಯಿಯನ್ನೂ ನೋಡಿದ. ಆಕೆ ಒಂದೊಂದೇ ಸುಲಿದು ಅವನ ಬಾಯಿಗೆ ಹಾಕಿದರು. ಇಡೀ ದಿನದಲ್ಲಿ ಅವನ ಹತ್ತಿರ ಬಂದ ಕೈಗಳಲ್ಲಿ ಏನನ್ನೂ ಕಸಿಯದೆ ಕೊಟ್ಟ ಕೈ ಅದೊಂದೇ. ಟೇವಿಯನ್‌ನ ಮನಸ್ಸು ತುಂಬಿ ಬಂತು.

"ಈ ವರ್ಷ ಹೇಗೋ ನಿನ್ನ ಆಟ? ನಿಜ ಹೇಳು."

"ಮೊದಲ ಪಂದ್ಯ ಚೆನ್ನಾಗಾದ್ರೆ ಎಲ್ಲಾ ಆದ ಹಾಗೆ ಮಿಸ್ ಓಲೀಟಾ. ನೋಡೋಕೆ ದೊಡ್ಡೋರು ಬರ್ತಾ ಇದ್ದಾರೆ."

"ಹಾಗಾದ್ರೆ ಬರ್ಡೆಟ್ ಮೊದಲ ಸಲವೇ ನಿನ್ನ ಕೈಗೆ ಚೆಂಡು ಕೊಟ್ಟು ಓಡಿಸ್ಬೇಕು."

"ಕೊಟ್ರೆ ಪುಣ್ಯ. ಅದೆಲ್ಲಾ ನಮ್ಮ ಕೈಲಿದೆಯಾ?"

ಮಿಸ್ ಓಲೀಟಾ ಒಂದು ಕಡಲೆಕಾಯಿಯನ್ನು ಬಹಳ ಹೊತ್ತು ಸುಲಿದರು.

ಬಿಸಿಲು ಇಳಿಯುತ್ತಿದ್ದಂತೆ ಕಾರು ಕ್ರೀಡಾಂಗಣದ ಹಿಂಬಾಗಿಲಿಗೆ ಬಂತು. ಕೋಚ್ ಆಫೀಸಿನ ಬಾಗಿಲು ಅಲ್ಲೇ ಎದುರಿಗೆ, ತೆರೆದೇ ಇತ್ತು. ಸುತ್ತಮುತ್ತ ನರಪಿಳ್ಳೆಯಿಲ್ಲ. ಗೆದ್ದೆ ಎಂದುಕೊಂಡ ಟೇವಿಯನ್. ತೋಳಿಗೆ ಜೋಮು ಹಿಡಿದಿತ್ತು, ಮುಖದ ಮೇಲೆ ಸಾಸು ಒಣಗಿ ಹಪ್ಪಳದಂತೆ ಬಿರಿದಿತ್ತು.

"ಈ ಮೂತಿ ಹೊತ್ಕೊಂಡು ಕೋಚ್ ಮುಂದೆ ನಿಲ್ತೀಯಾ?" ಎಂದರು ಮಿಸ್ ಓಲೀಟಾ. "ಅಗೋ ನಲ್ಲಿ ಇದೆ. ತೊಳ್ಕೊಂಡು ಬಾ. ಕೊಡು ಇಲ್ಲಿ, ಹಿಡ್ಕೊಂಡಿರ್ತೀನಿ."

ಬೆಳಗಿನಿಂದ ಆ ಮಾತನ್ನು ಅವನು ನಾನಾ ಬಾಯಿಗಳಿಂದ ಕೇಳಿದ್ದ, ಎಲ್ಲಕ್ಕೂ ಇಲ್ಲವೆಂದು ತಲೆಯಾಡಿಸಿದ್ದ. ಆದರೆ ಇದು ಮಿಸ್ ಓಲೀಟಾ. ಕೊಟ್ಟ.

ತಣ್ಣೀರು ಮುಖಕ್ಕೆ ಬಿದ್ದಾಗ ಹಾಯೆನಿಸಿತು. ಅಂಗಿಯ ತುದಿಯಿಂದ ಒರೆಸಿಕೊಂಡು ತಿರುಗಿದ. ಕಾರಿನ ಹತ್ತಿರ ಯಾರೂ ಇರಲಿಲ್ಲ. ತೆರೆದ ಬಾಗಿಲಿನಿಂದ ಮಿಸ್ ಓಲೀಟಾ ಅವರ ಗಟ್ಟಿ ದನಿ ಕೇಳಿಸಿತು.

"ಕೋಚ್, ಇದೋ ಚೆಂಡು! ಅವನ ಕೈಯಿಂದ ನಾನೇ ತಗೊಂಡೆ. ಮೊದಲ ನಡೆ ನನ್ನದು!"

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಟೇವಿಯನ್ ಒಳಗೆ ನುಗ್ಗಿದ. ಕೋಚ್ ಬರ್ಡೆಟ್ ಕುರ್ಚಿಯಿಂದ ಅರ್ಧ ಎದ್ದು, ಬಾಯಿ ತೆರೆದು ನಿಂತಿದ್ದರು.

"ಮಿಸ್ ಓಲೀಟಾ, ಬೇಡ! ಇಲ್ಲಿ ಕೇಳಿ..."

"ನೀನು ಸುಮ್ನಿರು ಮಗಾ. ಇದು ದೊಡ್ಡೋರ ಮಾತು." ಆಕೆ ಅವನತ್ತ ತಿರುಗಿ ಕಣ್ಣು ಮಿಟುಕಿಸಿದರು. ಮುಖ ಹಬ್ಬದ ದೀಪದ ಹಾಗೆ ಹೊಳೆಯುತ್ತಿತ್ತು. "ಕೋಚ್, ಮಾತು ಅಂದ್ರೆ ಮಾತು ತಾನೇ? ನಾನು ಹೇಳಿದ್ದನ್ನೇ ಆಡಿಸ್ತೀರಾ?"

ಕೋಚ್ ಟೇವಿಯನ್ ಕಡೆ ತಿರುಗಿದರು. "ಕಿತ್ಕೊಂಡ್ರೇನೋ, ಇಲ್ಲಾ ನೀನೇ ಕೊಟ್ಯೋ?"

"ನಾನೇ... ಕೊಟ್ಟೆ ಕೋಚ್."

"ಆಡಿಸ್ತೀನಿ ಅಮ್ಮಾ," ಎಂದರು ಕೋಚ್, ದೊಡ್ಡ ನಿಟ್ಟುಸಿರು ಬಿಟ್ಟು. "ಹೇಳಿ."

"ಬಲಗಡೆ ಆ ದಪ್ಪ ಹುಡುಗ ಹಾಸ್ ಇದ್ದಾನಲ್ಲ, ಅವನು ದಾರಿ ಬಿಡಿಸ್ಲಿ. ಅವನ ಬೆನ್ನ ಹಿಂದೆ ಚೆಂಡು ಹೊತ್ತು ನಮ್ಮ ಟೇವಿಯನ್ ಓಡ್ಲಿ! ಬಂದ ದೊಡ್ಡೋರು ಮೊದಲ ಸಲಕ್ಕೇ ನೋಡ್ಬೇಕು ಇವನನ್ನ."

ಕೋಚ್ ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಬಲಗಡೆ ಸರಿ. ಹಾಸ್ ಬೆನ್ನ ಹಿಂದೆ, ಅದೂ ಸರಿ. ಒಳ್ಳೇ ನಡೆ, ನಾನೂ ಅದನ್ನೇ ಹೇಳ್ತಿದ್ದೆ. ಆದ್ರೆ ಓಡೋನು ಕೋಲ್ಬಿ ರೇನ್ಸ್."

"ಯಾಕೆ? ಟೇವಿಯನ್‌ಗೇನಾಗಿದೆ?"

"ಚೆಂಡು ನಿಮ್ಮ ಕೈಲಿದೆಯಲ್ಲ ಅಮ್ಮಾ. ಸಂಜೆ ಅದು ಇವನ ಕೈಲಿದ್ದಿದ್ರೆ ಮೊದಲ ಪಂದ್ಯ ಇವನದು. ಬೇರೆಯವರ ಕೈಲಿದ್ರೆ ಕೋಲ್ಬಿದು. ಬೆಳಿಗ್ಗೇನೇ ಹೇಳಿದ್ದೆ."

ಮಿಸ್ ಓಲೀಟಾ ತಮ್ಮ ಕೈಯಲ್ಲಿದ್ದ ಚೆಂಡನ್ನು ಕೆಂಡ ನೋಡುವಂತೆ ನೋಡಿದರು. ಆಮೇಲೆ ಟೇವಿಯನ್‌ನನ್ನು ನೋಡಿದರು.

"ನನಗ್ಯಾಕೋ ಹೇಳ್ಲಿಲ್ಲ?"

"ನಿಮಗೆ ರಕ್ತದೊತ್ತಡ ಏರುತ್ತೆ ಅಂತ..."

"ಈಗ ಇಳಿದಿದೆಯೇನೋ, ಮುಠ್ಠಾಳ!"

ಆಕೆಯ ಕಣ್ಣಿನಿಂದ ನೀರು ದಳದಳ ಇಳಿಯಿತು. ಕೋಚ್‌ರನ್ನು ಬೇಡಿದರು, ಬೆದರಿಸಿದರು, ಪೀಚ್ ಹಣ್ಣಿನ ಕಡುಬಿನ ಆಸೆಯನ್ನೂ ತೋರಿಸಿದರು. ಕೋಚ್ ಒಮ್ಮೆ ಜೊಲ್ಲು ನುಂಗಿದ್ದು ನಿಜ, ಆದರೆ ಮಾತು ತಪ್ಪಲಿಲ್ಲ. ಗೋಡೆಯ ಹಲಗೆಯ ಮೇಲೆ ಟೇವಿಯನ್‌ನ ಹೆಸರು ಕೋಲ್ಬಿಯ ಹೆಸರಿನ ಕೆಳಗೆ ಇಳಿಯಿತು.

ಟೇವಿಯನ್‌ಗೆ ಮೊದಲು ಅಳು ಬಂತು, ಆಮೇಲೆ ಸಿಟ್ಟು. ಕೊನೆಗೆ, ಅವನಿಗೇ ಆಶ್ಚರ್ಯವಾಗುವಂತೆ, ನಗು ಬಂತು. ಊರಿಗೆ ಊರೇ ಆ ಚೆಂಡನ್ನು ಬಯಸಿದ್ದು ತಂತಮ್ಮ ಚಪಲಕ್ಕೆ. ಈಕೆಯೊಬ್ಬರು ಬಯಸಿದ್ದು ಅವನಿಗಾಗಿ. ಆಯ್ಕೆಗಾರ ಬಂದು ಕೋಲ್ಬಿಯನ್ನು ನೋಡಿಕೊಂಡು ಹೋಗುತ್ತಾನೆ, ಹೋಗಲಿ. ಇಂಥ ಪ್ರೀತಿ ಬೆಂಚಿನ ಮೇಲೆ ಕೂತವನಿಗೂ ಸಿಗುತ್ತದಲ್ಲ ಎಂದು ಅವನ ಎದೆ ಹಗುರವಾಯಿತು.

"ಅಳಬೇಡಿ ಮಿಸ್ ಓಲೀಟಾ. ಹಾಸ್ ಬೆನ್ನ ಹಿಂದೆ ಅಂದ್ರಲ್ಲ, ನಡೆ ಮಾತ್ರ ಸಖತ್ತಾಗ್ ಹೇಳಿದ್ರಿ."

ಕೋಚ್ ಚೆಂಡನ್ನು ತೆಗೆದುಕೊಂಡು ಟೇವಿಯನ್‌ನ ಎದೆಗೆ ಒತ್ತಿದರು. "ಎರಡನೇ ಪಂದ್ಯ ಬೇಕಾ? ಹಾಗಾದ್ರೆ ನಾಳೆ ಸಂಜೆವರೆಗೂ ಮತ್ತೆ ಹೊತ್ಕೊಂಡು ತಿರುಗು. ರೇಡಿಯೋದವರಿಗೆ ನಾನು ಈಗಲೇ ಹೇಳ್ತೀನಿ."

ಹೊರಗೆ ಬಂದಾಗ ಸೆಕೆ ಸ್ವಲ್ಪ ಇಳಿದಿತ್ತು. ಮಿಸ್ ಓಲೀಟಾ ಕಣ್ಣೊರೆಸಿಕೊಂಡು ಕಾರಿನ ಮುಂದಿನ ಬಾಗಿಲು ತೆರೆದು ಹಿಡಿದರು. ಟೇವಿಯನ್ ಚೆಂಡನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಹೋಗಿ ಹಿಂದಿನ ಸೀಟಿನ ಮೂಲೆಯಲ್ಲಿ ಕೂತ.

"ಯಾಕೋ, ನನ್ನ ಮೇಲೂ ನಂಬಿಕೆ ಹೋಯ್ತಾ?" ಎಂದರು ಆಕೆ, ಕನ್ನಡಿಯಲ್ಲಿ ಅವನನ್ನು ನೋಡುತ್ತ.

"ಇಲ್ಲ ಮಿಸ್ ಓಲೀಟಾ," ಎಂದ ಟೇವಿಯನ್, ಚೆಂಡನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡು. "ನಂಬಿಕೆ ಹಾಗೇ ಇದೆ, ನೀವು ಕೇಳಿದ್ರೆ ಮತ್ತೆ ಕೊಟ್ಬಿಡ್ತೀನಿ. ಅದಕ್ಕೇ ಹಿಂದೆ ಕೂತಿರೋದು."